ಕಿವಿಯಿಂದ ಸುದ್ದಿ ಓದುವವರಿಗೆ ವೆಬ್ ತೆರೆದುಕೊಂಡ ಬಗೆ

ಕಣ್ಣು ಕಾಣುವವರು ಸುದ್ದಿಯ ಪುಟ ತೆರೆದರೆ ಒಂದೇ ನೋಟಕ್ಕೆ ಹತ್ತು ತಲೆಬರಹ ಸಿಗುತ್ತವೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಎಲ್ಲವೂ ಸಾಲಾಗಿ, ಒಂದರ ಹಿಂದೆ ಒಂದು ಕಿವಿಗೆ ಬೀಳಬೇಕು. ಲಿಂಕ್, ಮುಖಪುಟ. ಲಿಂಕ್, ರಾಜ್ಯ. ಲಿಂಕ್, ಸಿನಿಮಾ. ಗ್ರಾಫಿಕ್. ಮತ್ತೆ ಗ್ರಾಫಿಕ್. ಇಷ್ಟಾದರೂ ಮೊದಲ ಸುದ್ದಿ ಇನ್ನೂ ಬಂದಿರುವುದಿಲ್ಲ.

ಇದಕ್ಕೆ ಒಳ್ಳೆಯ ದಾರಿ ಸಿಕ್ಕಿದ್ದು ಆರ್‌ಎಸ್‌ಎಸ್ ಫೀಡ್‌ನಿಂದ, ಅಂದರೆ ಸೈಟಿನ ಹೊಸ ಬರಹಗಳನ್ನು ಪಟ್ಟಿಯಾಗಿ ಕೊಡುವ ವ್ಯವಸ್ಥೆಯಿಂದ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಇದನ್ನು ತಂದಾಗ ಅಂಧರು ಅದರ ಲೆಕ್ಕದಲ್ಲಿ ಇದ್ದಂತೆ ಕಾಣುವುದಿಲ್ಲ. ಆದರೆ ಫೀಡ್‌ನಲ್ಲಿ ಇರುವುದು ಇಷ್ಟೇ: ತಲೆಬರಹ, ಲಿಂಕ್, ಒಂದಿಷ್ಟು ಬರಹ. ಮೆನು, ಜಾಹೀರಾತಿನ ಗದ್ದಲ ಇಲ್ಲ. ಕಿವಿಯಿಂದ ಓದುವವರಿಗೆ ಇದಕ್ಕಿಂತ ಇನ್ನೇನು ಬೇಕು? ಆಮೇಲೆ ಫೀಡ್‌ಗಳನ್ನೆಲ್ಲ ಒಂದೇ ಕಡೆ ಓದಿಸುವ ವೆಬ್‌ಸೈಟುಗಳು ಬಂದವು. 2003ರಲ್ಲಿ ಬ್ಲಾಗ್‌ಲೈನ್ಸ್, 2005ರ ಅಕ್ಟೋಬರ್‌ನಲ್ಲಿ ಗೂಗಲ್ ರೀಡರ್.

ತೊಡಕು ಶುರುವಾಗಿದ್ದು ಇಲ್ಲೇ. ಪುಟ ತೆರೆದಾಗ ಸ್ಕ್ರೀನ್ ರೀಡರ್ ಅದರ ಒಂದು ನಕಲು ಮಾಡಿಟ್ಟುಕೊಂಡು, ಆ ನಕಲನ್ನು ಓದುತ್ತಿತ್ತು. ಗೂಗಲ್ ರೀಡರ್‌ನಲ್ಲಿ ಜೆ ಕೀ ಒತ್ತಿದರೆ ಪುಟ ಬದಲಾಗದೆಯೇ ಮುಂದಿನ ಸುದ್ದಿ ಬರುತ್ತಿತ್ತು. ತೆರೆಯ ಮೇಲೆ ಹೊಸ ಸುದ್ದಿ, ಕಿವಿಯಲ್ಲಿ ಮೌನ. ಇನ್ನೊಂದು ಕಷ್ಟವೂ ಇತ್ತು. ಒಂದೊಂದು ಅಕ್ಷರದ ಕೀಯನ್ನು ಸ್ಕ್ರೀನ್ ರೀಡರ್ ತನ್ನ ಕೆಲಸಕ್ಕೇ ಇಟ್ಟುಕೊಂಡಿರುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಎಚ್ ಒತ್ತಿದರೆ ಮುಂದಿನ ತಲೆಬರಹ, ಕೆ ಒತ್ತಿದರೆ ಮುಂದಿನ ಲಿಂಕ್. ಹಿಂದಿನ ಸುದ್ದಿಗೆ ಹೋಗೋಣ ಎಂದು ಕೆ ಒತ್ತಿದವರು ಯಾವುದೋ ಲಿಂಕ್ ಮೇಲೆ ಹೋಗಿ ನಿಲ್ಲುತ್ತಿದ್ದರು.

ಇದನ್ನು ಸರಿಮಾಡಲು ಕೂತವರಲ್ಲಿ ಟಿ. ವಿ. ರಾಮನ್ ಒಬ್ಬರು. ಪುಣೆಯವರು. 14ನೇ ವಯಸ್ಸಿಗೆ ಪೂರ್ತಿ ದೃಷ್ಟಿ ಕಳೆದುಕೊಂಡರೂ ಐಐಟಿ ಬಾಂಬೆಯಲ್ಲಿ ಓದಿ, ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮಾಡಿ, 2005ರಲ್ಲಿ ಗೂಗಲ್ ಸೇರಿದವರು. 2008ರಲ್ಲಿ ಅವರು, ಸಹೋದ್ಯೋಗಿ ಚಾರ್ಲ್ಸ್ ಚೆನ್ ಜೊತೆ ಸೇರಿ, ಗೂಗಲ್ ರೀಡರ್‌ಗೆ ಏರಿಯಾ ಎಂಬ ಗುರುತುಗಳ ಪದ್ಧತಿ ಅಳವಡಿಸಿದರು. ಪುಟದ ಯಾವ ಭಾಗ ಬದಲಾಗುತ್ತದೆ, ಬದಲಾದಾಗ ಓದಿ ಹೇಳಬೇಕಾ, ಹೇಳುವುದಾದರೆ ಈಗ ಓದುತ್ತಿರುವುದನ್ನು ತಡೆದು ಹೇಳಬೇಕಾ ಅಥವಾ ಅದು ಮುಗಿಯುವವರೆಗೆ ಕಾಯಬೇಕಾ ಎಂಬುದನ್ನೆಲ್ಲ ಈ ಗುರುತುಗಳು ಸ್ಕ್ರೀನ್ ರೀಡರ್‌ಗೆ ತಿಳಿಸುತ್ತವೆ. ತೆರೆಯ ಮೇಲೆ ಏನೂ ಬೇರೆ ಕಾಣುವುದಿಲ್ಲ. ಕೇಳುವವರಿಗೆ ಮಾತ್ರ ಜೆ ಒತ್ತಿದ ಕೂಡಲೇ ಸುದ್ದಿ ಕೇಳಿಸುತ್ತದೆ.

ಆಗ ಏರಿಯಾ ಇನ್ನೂ ಕರಡು ಹಂತದಲ್ಲಿತ್ತು. ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಅದನ್ನು ಅಧಿಕೃತ ಮಾಡಿದ್ದು 2014ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ, 2013ರ ಜುಲೈ 1ಕ್ಕೆ, ಗೂಗಲ್ ರೀಡರ್ ಮುಚ್ಚಿಯೇ ಹೋಗಿತ್ತು. ಅಷ್ಟು ವರ್ಷ ಕೈಗೆ ರೂಢಿಯಾದ ಕೀಗಳನ್ನು ಬಿಟ್ಟು ಹೊಸ ಜಾಗ ಹುಡುಕುವುದು ಎಲ್ಲರಿಗೂ ಬೇಜಾರೇ. ಆದರೆ ಸ್ಕ್ರೀನ್ ರೀಡರ್ ಬಳಸುವವರು ಹೊಸ ಸೈಟಿನಲ್ಲಿ ಪ್ರತಿ ಬಟನ್‌ಗೂ ಹೆಸರಿದೆಯಾ ಎಂಬುದರಿಂದ ಹುಡುಕಾಟ ಶುರುಮಾಡಬೇಕು, ಅದು ಜಾಸ್ತಿ ಕಷ್ಟ.

ಇದೇ ಜೆ, ಕೆ ಕೀಗಳು ಮೌಸ್ ಹಿಡಿಯಲು ಆಗದವರಿಗೆ ದೊಡ್ಡ ಅನುಕೂಲ. ಆದರೆ ಮಾತಾಡಿ ಕಂಪ್ಯೂಟರ್ ನಡೆಸುವವರಿಗೆ ತೊಂದರೆ. ಅವರು ಹೇಳಿದ ಪದದ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆಯಾಗಿ ಪುಟ ಎಲ್ಲೆಲ್ಲೋ ಓಡಬಹುದು. ಇಂಥ ಕೀಗಳನ್ನು ನಿಲ್ಲಿಸುವ ಅಥವಾ ಬದಲಿಸುವ ಅವಕಾಶ ಕೊಡಬೇಕು ಎಂಬ ನಿಯಮ, ವೆಬ್ ಎಲ್ಲರಿಗೂ ಎಟುಕುವಂತೆ ಮಾಡುವ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಗೆ ಸೇರಿದ್ದು 2018ರಲ್ಲಿ.

ಕನ್ನಡದ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗ ಇತ್ತು. ಆದರೆ ಬಹಳ ಕಾಲ ನಾವು ಬರೆದಿದ್ದು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟುಗಳಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ‘ಕ’ ಎಂದು ಕಾಣುವ ಅಕ್ಷರದ ಒಳಗೆ ಇರುವುದು ಇಂಗ್ಲಿಷಿನ ಪಿ, ಅದರ ತಲೆಕಟ್ಟಿಗೆ ಓರೆಗೆರೆ ಹೊತ್ತ ಎ. ‘ನ’ ಬರೆಯಲು ಬ್ರಿಟಿಷ್ ಪೌಂಡ್ ಹಣದ ಚಿಹ್ನೆ. ಕಣ್ಣಿಗೆ ಅಚ್ಚುಕಟ್ಟಾದ ‘ಕನ್ನಡ’. ಸ್ಕ್ರೀನ್ ರೀಡರ್‌ಗೆ ಸಿಗುವುದು ಪಿ, ಎ, ಪೌಂಡ್. ಅದನ್ನು ಯಾವ ಧ್ವನಿ ತಾನೇ ಕನ್ನಡವಾಗಿ ಓದೀತು? ಫೀಡ್ ಎಷ್ಟೇ ಸರಳವಾಗಿದ್ದರೂ ಒಳಗಿನ ಅಕ್ಷರವೇ ಕನ್ನಡವಾಗಿರದಿದ್ದರೆ ಏನು ಪ್ರಯೋಜನ, ಅಲ್ವಾ?

ಯುನಿಕೋಡ್ ಬಳಕೆ ಹೆಚ್ಚಿದ ಮೇಲೆ ಬಾಗಿಲು ತೆರೆಯಿತು. ಆಸ್ಟ್ರೇಲಿಯಾದ ಅಂಧ ಯುವಕ ಮೈಕಲ್ ಕರನ್ 2006ರಲ್ಲಿ ಬರೆಯಲು ಶುರುಮಾಡಿದ ಎನ್‌ವಿಡಿಎ ಉಚಿತ. ಅದರೊಳಗೇ ಬರುವ, ಬರಹವನ್ನು ಮಾತಾಗಿಸುವ ಇ-ಸ್ಪೀಕ್‌ಗೆ ಕನ್ನಡ ಬರುತ್ತದೆ. ಧ್ವನಿ ಯಂತ್ರದ್ದೇ, ಆದರೆ ವೇಗ ಹೆಚ್ಚಿಸಿದರೂ ಸ್ಪಷ್ಟ. ಫೀಡ್ ಓದಲೆಂದೇ ಎನ್‌ವಿಡಿಎಗೆ ಒಂದು ಆಡ್-ಆನ್ ಕೂಡ ಇದೆ.

ಕಾನೂನಿನಲ್ಲೂ ಮಾತು ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು, ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯ ಎಲ್ಲರಿಗೂ ಎಟುಕುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

ಉಳಿದಿರುವ ಕೆಲಸ ದೊಡ್ಡದೇನಲ್ಲ ಎಂಬುದೇ ನನಗೆ ಬೇಸರ ತರುತ್ತದೆ. ತಲೆಬರಹವನ್ನು ಸುಮ್ನೆ ದಪ್ಪ ಅಕ್ಷರ ಮಾಡದೆ ತಲೆಬರಹ ಎಂದೇ ಗುರುತು ಹಾಕಬೇಕು, ಆಗಲೇ ಎಚ್ ಕೀ ಅಲ್ಲಿಗೆ ಹೋಗುವುದು. ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ಹೇಳಬೇಕು, ಅದು ಬರೀ ಎರಡಕ್ಷರ: ಕೆ, ಎನ್. ಇ-ಪೇಪರ್‌ನ ಪುಟವನ್ನು ಬರೀ ಚಿತ್ರವಾಗಿ ಹಾಕಿದರೆ ಅದರ ಪಕ್ಕ ಓದಬಲ್ಲ ಬರಹವೂ ಇರಬೇಕು. ನೀವು ದಿನಾ ಓದುವ ಸುದ್ದಿಯ ಸೈಟನ್ನು ಇವತ್ತು ತೆರೆದು, ಮೌಸ್ ಪಕ್ಕಕ್ಕಿಟ್ಟು, ಟ್ಯಾಬ್ ಕೀ ಒಂದರಿಂದಲೇ ಮೊದಲ ಸುದ್ದಿಯವರೆಗೆ ಹೋಗಿ ನೋಡಿ. ಎಷ್ಟು ಸಲ ಒತ್ತಬೇಕಾಯಿತು ಎಂದು ಎಣಿಸಿ, ಆ ಸಂಖ್ಯೆಯನ್ನು ಸೈಟಿನ ಸಂಪಾದಕರಿಗೆ ಬರೆದು ಕಳಿಸಿ.