ಕೌದಿ ತುಂಡುಗಳಿಗೆ ಒಂದು ಗೋಡೆ: ಕಡಿಮೆ ಖರ್ಚಿನ ಡಿಸೈನ್ ವಾಲ್

ನಮ್ಮ ಕಡೆ ಕೌದಿಯ ತುಂಡು ಜೋಡಿಸುವುದು ನೆಲದ ಮೇಲೆ. ಹಳೇ ಸೀರೆ ಹಾಸಿ, ಮೇಲೆ ಚೌಕಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರುವುದು. ನಾನೂ ಹಾಗೇ ಕಲಿತೆ. ಆದರೆ ಬಳ್ಳಾರಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಐದಡಿ ನೆಲವನ್ನು ಎರಡು ದಿನ ಯಾರೂ ತುಳಿಯದಂತೆ ಕಾಯುವುದು ಆಗದ ಮಾತು. ಇನ್ನೊಂದು ತೊಂದರೆ ಕಣ್ಣಿನದು. ನೆಲಕ್ಕೆ ಹಾಸಿದ್ದನ್ನು ನಾವು ಓರೆಯಾಗಿ ನೋಡುತ್ತೇವೆ. ಕಾಲ ಬಳಿಯ ಸಾಲು ದೊಡ್ಡದಾಗಿ, ಆಚೆ ಸಾಲು ಕುಗ್ಗಿ ಕಾಣುತ್ತದೆ. ಹೊಲಿಯುವ ಮೊದಲು ಅವೇ ತುಂಡುಗಳನ್ನು ಕಣ್ಣೆದುರು ನಿಲ್ಲಿಸಿ ನೋಡುವ ಹಲಗೆಯೇ ಡಿಸೈನ್ ವಾಲ್.

ಬಟ್ಟೆ ಯಾಕೆ ನಿಲ್ಲುತ್ತದೆ?

ಕೂಸಿಗೆ ಸುತ್ತುವ ಫ್ಲಾನೆಲ್ ಮುಟ್ಟಿ ನೋಡಿ. ನೇಯ್ದಾದ ಮೇಲೆ ಅದರ ಮೈ ಕೆರೆದು ಸಣ್ಣ ಎಳೆಗಳನ್ನು ಎಬ್ಬಿಸಿರುತ್ತಾರೆ. ಆ ಎಳೆಗಳು ಹತ್ತಿ ಬಟ್ಟೆಯ ಎಳೆಗಳಿಗೆ ತೊಡರಿಕೊಳ್ಳುತ್ತವೆ. ಅಂಟು ಬೇಡ, ಪಿನ್ನೂ ಬೇಡ. ನುಣುಪಾದ ಸಿಂಥೆಟಿಕ್ ಸೀರೆಯ ತುಂಡು ಜಾರಿ ಬೀಳುವುದು ತೊಡರಲು ಅದರಲ್ಲಿ ಎದ್ದ ಎಳೆಗಳಿಲ್ಲದ್ದಕ್ಕೆ. ಜೀನ್ಸಿನದು ಬೇರೆ ಕಥೆ. ಜೀನ್ಸ್ ಹೊಲಿಯುವ ಊರು ನಮ್ಮದು, ಚಿಂದಿಗೆ ಬರವಿಲ್ಲ. ಆದರೆ ತೂಕದ ಬಟ್ಟೆ, ಫ್ಲಾನೆಲ್ ಹಿಡಿದರೂ ಕಳಚಿಕೊಳ್ಳುತ್ತದೆ. ಅದಕ್ಕೆ ಗುಂಡುಪಿನ್ ಬೇಕು, ಪಿನ್ ಚುಚ್ಚಲು ಹಿಂದೆ ಥರ್ಮಾಕೋಲ್ ಬೇಕು.

ಮೊದಲು ನಾನು ಮನೆಯಲ್ಲಿದ್ದ ಕರಿ ಕಂಬಳಿಯನ್ನೇ ತೂಗುಹಾಕಿದ್ದೆ. ಕಾಸಿಲ್ಲದ ಕೆಲಸ, ಹಿಡಿತವೂ ಜೋರು. ಆದರೆ ಕರಿಯ ಮೇಲೆ ತಿಳಿ ಬಣ್ಣಗಳೆಲ್ಲ ಕಣ್ಣಿಗೆ ಕುಕ್ಕಿದವು, ಕಡುನೀಲಿ ತುಂಡುಗಳು ಮುಳುಗಿಯೇ ಹೋದವು. ಬಿಳಿ ಇಲ್ಲವೇ ತಿಳಿ ಬೂದು ಫ್ಲಾನೆಲ್ ತೊಗೊಳ್ಳಿ.

ಮಾಡುವ ಬಗೆ

ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಮೂರು ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ 1 ಮೀಟರ್ ಅಗಲ, 1.5 ಮೀಟರ್ ಎತ್ತರದ ಹಲಗೆ. ಬೆನ್ನಿಗೆ ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ ಅಂಟಿಸಿ. ಅಂಟು ಬಿಳಿ ಫೆವಿಕಾಲೇ ಇರಲಿ. ನಾನು ಅವಸರಕ್ಕೆ ಚಪ್ಪಲಿ ಅಂಟಿಸುವ ರಬ್ಬರ್ ಸಲ್ಯೂಷನ್ ಬಳಿದೆ. ಕಣ್ಣ ಮುಂದೆಯೇ ಥರ್ಮಾಕೋಲ್ ಕರಗಿ ಗುಳಿ ಬಿತ್ತು. ಅದರೊಳಗಿನ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ, ಬಿಳಿ ಅಂಟು ನೀರಿನದು. ಇಸ್ತ್ರಿ ಪೆಟ್ಟಿಗೆಯನ್ನೂ ದೂರ ಇಡಿ.

ಫ್ಲಾನೆಲನ್ನು ಸುತ್ತಲೂ ನಾಲ್ಕು ಇಂಚು ಹೆಚ್ಚಾಗಿ ಕತ್ತರಿಸಿ, ಹಿಂದಕ್ಕೆ ಮಡಚಿ, ಪಿನ್ ಚುಚ್ಚಿ. ಮುಂದೆ ಅಂಟಿಸಬೇಡಿ. ಅಂಟು ಹೀರಿದರೆ ಎಳೆಗಳು ಮಲಗುತ್ತವೆ. ಅಲ್ಲದೆ ನಮ್ಮ ಊರಿನ ಕೆಂಧೂಳು ಕುಂತಾಗ ಬಿಚ್ಚಿ ಒಗೆಯಬೇಕಲ್ಲ.

ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು. ಬುಡವನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟು ಹಲಗೆ ಒರಗಿಸಿದರೆ ತುಂಡಿನ ಭಾರ ಸ್ವಲ್ಪ ಫ್ಲಾನೆಲ್ ಮೇಲೂ ಬಿದ್ದು ಹಿಡಿತ ಹೆಚ್ಚುತ್ತದೆ. ನೆಟ್ಟಗೆ ನಿಲ್ಲಿಸಿದ್ದಾಗ ಫ್ಯಾನ್ ಹಾಕಿದರೆ ಸಾಕು, ಉದುರುತ್ತಿದ್ದವು. ಬಳ್ಳಾರಿಯ ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂಡಲಾದೀತೇ?

ಅಳತೆಯಲ್ಲಿ ಮೋಸ ಹೋಗಬೇಡಿ

ಮಷಿನ್ನಿನಲ್ಲಿ ಹೊಲಿಯುವವರು ಇದನ್ನು ಬರೆದಿಟ್ಟುಕೊಳ್ಳಿ. ಮೂರು ಸಾಲು, ಮೂರು ಕಂಬದ ಒಂಬತ್ತು ಚೌಕದ ಬ್ಲಾಕ್ ಹೊಲಿದು ಮುಗಿದಾಗ 9 ಇಂಚು ಆಗಬೇಕು ಅಂದುಕೊಳ್ಳಿ. ಪ್ರತಿ ಬದಿಗೆ ಕಾಲು ಇಂಚು ಹೊಲಿಗೆಗೆ ಹೋಗುವುದರಿಂದ ಒಂದೊಂದು ಚೌಕವನ್ನು ಮೂರೂವರೆ ಇಂಚಿಗೆ ಕತ್ತರಿಸುತ್ತೇವೆ. ಹೊಲಿಯದೆ ಹಲಗೆ ಮೇಲಿಟ್ಟರೆ ಮೂರು ಚೌಕಕ್ಕೆ ಹತ್ತೂವರೆ ಇಂಚು ಬೇಕು. ಹಲಗೆಯ ಅಗಲ 39 ಇಂಚು ಚಿಲ್ಲರೆ. ನಾಲ್ಕು ಬ್ಲಾಕಿಗೆ 36 ಇಂಚು ಸಾಕೆಂದು ಲೆಕ್ಕ ಹಾಕಿದ್ದೆ, ಬೇಕಾದದ್ದು 42. ಕೊನೆಯ ಕಂಬದ ಚೌಕಗಳು ಬಾಗಿಲ ಪರದೆಗೆ ಪಿನ್ ಆದವು.

ನೋಡುವುದು

ಜೋಡಿಸಿ, ಕೋಣೆಯ ಆಚೆ ತುದಿಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ. ಆಮೇಲೆ ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ, ಬಣ್ಣ ಮರೆಯಾಗಿ ಯಾವುದು ತಿಳಿ, ಯಾವುದು ಕಡು ಅನ್ನುವುದಷ್ಟೇ ಕಾಣುತ್ತದೆ. ನನ್ನ ಹಲಗೆ ಮೇಲೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡುಗಳೂ ಜೀನ್ಸಿನ ನೀಲಿಯೂ ಒಂದಕ್ಕೊಂದು ಎದ್ದು ಕಾಣುತ್ತಿವೆ ಅಂದುಕೊಂಡಿದ್ದೆ. ಫೋಟೋದಲ್ಲಿ ಎರಡೂ ಒಂದೇ ಬೂದು. ನಡುವೆ ಹಳೇ ಧೋತರದ ಬಿಳಿ ಇಟ್ಟೆ. ಬಾಗಿಲಲ್ಲಿ ನಿಂತು ಸೊಪ್ಪು ಸೋಸುತ್ತಿದ್ದ ಅತ್ತೆ ತಲೆ ಎತ್ತಿ, “ಈಗ ಸೆರಗು ಕಾಣ್ತೈತಿ ನೋಡವ್ವ” ಅಂದರು.