18 ಎಂಎಂ ಪ್ಲೈವುಡ್ ಹಾಕಿದರೆ ಬೋರ್ಡ್ ಬಾಗಲ್ಲ ಅಲ್ವಾ?

ಪ್ರಶ್ನೆ: "ಸರ್, ಮಿನಿಯೇಚರ್ ಯುದ್ಧದ ಆಟಕ್ಕೆ ಒಂದು ಬೋರ್ಡ್ ಮಾಡ್ಬೇಕು. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಯ್ಯೋದು. ಬಾಗಬಾರದು. 18 ಎಂಎಂ ಪ್ಲೈವುಡ್ ಸಾಕಾ, ಇನ್ನೂ ದಪ್ಪ ಬೇಕಾ?"

ಮಿನಿಯೇಚರ್ ಯುದ್ಧದ ಆಟ ಅಂದರೆ ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ, ದಾಳ ಎಸೆದು ಆಡುವ ಆಟ; ಆ ಗೊಂಬೆಗಳು ನಿಲ್ಲುವ ನೆಲವೇ ಈ ಬೋರ್ಡ್. ಇದನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಒಬ್ಬರು 12 ಅಂತಾರೆ, ಇನ್ನೊಬ್ಬರು 18. ಹೋದ ತಿಂಗಳು ಒಬ್ಬರು 25 ಎಂಎಂ ಬ್ಲಾಕ್ ಬೋರ್ಡ್ (ಒಳಗೆ ಮರದ ಪಟ್ಟಿ ಜೋಡಿಸಿದ ದಪ್ಪ ಹಲಗೆ) ಕೊಂಡು ಮನೆಗೆ ತಂದು, ಆಮೇಲೆ ಕೇಳಿದರು. ಉತ್ತರ ಮೊದಲೇ ಹೇಳಿಬಿಡುತ್ತೇನೆ: 6 ಎಂಎಂ ಸಾಕು. ಕಾರಣ ಬೇಡ ಅನ್ನುವವರು ಇಲ್ಲಿಗೇ ಬಿಟ್ಟು ಅಂಗಡಿಗೆ ಹೋಗಬಹುದು. ಆದರೆ ಅಂಥವರೇ ದೀಪಾವಳಿ ಹೊತ್ತಿಗೆ "ಸರ್, ಬೋರ್ಡ್ ಸೊಟ್ಟ ಆಯ್ತು" ಅಂತ ತಿರುಗಿ ಬರುತ್ತಾರೆ.

ನನ್ನ ಮೊದಲ ಬೋರ್ಡ್ 18 ಎಂಎಂದೇ. 4 ಅಡಿ ಉದ್ದ, 3 ಅಡಿ ಅಗಲದ ಎರಡು ಹಲಗೆ, ಪಕ್ಕದಲ್ಲಿಟ್ಟರೆ 6×4 ಅಡಿ ಮೈದಾನ. ಮೇಲೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಮರಳು ಉದುರಿಸಿ, ಮೂರು ಕೋಟ್ ಬಣ್ಣ ಹೊಡೆದೆ. ಕೆಳಗಡೆ ಯಾರು ನೋಡುತ್ತಾರೆ ಅಂತ ಹಾಗೇ ಬಿಟ್ಟೆ. ಏಪ್ರಿಲ್‌ನಲ್ಲಿ ಕನ್ನಡಿಯ ಹಾಗೆ ಸಮ ಇತ್ತು. ಮಳೆಗಾಲ ಪೂರ್ತಿ ಅಲಮಾರದ ಹಿಂದೆ ಗೋಡೆಗೆ ಒರಗಿಸಿಟ್ಟೆ. ಧಾರವಾಡದ ಕಡೆಯ ಜಿಟಿಜಿಟಿ ಮಳೆ ಗೊತ್ತಲ್ವಾ? ಒಮ್ಮೆ ಹಿಡಿದರೆ ಹಾಕಿದ ಬಟ್ಟೆ ಒಣಗಲ್ಲ, ಡಬ್ಬಿಯ ಉಪ್ಪು ಗಟ್ಟಿಯಾಗುತ್ತದೆ. ಅಕ್ಟೋಬರ್‌ನಲ್ಲಿ ಹಲಗೆ ತೆಗೆದು ಮೇಜಿನ ಮೇಲಿಟ್ಟರೆ ನಾಲ್ಕೂ ಮೂಲೆ ಮೇಲೆದ್ದು ಕೂತಿವೆ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆ, ತೊಟ್ಟಿಲು ತೂಗಿದ ಹಾಗೆ. ದಾಳ ಎಸೆದರೆ ಉರುಳಿ ನಡುವಿಗೆ ಬರುತ್ತದೆ. ಎರಡು ಹಲಗೆ ಕೂಡುವ ಕಡೆ ಒಂದು ಬೆರಳಿನಷ್ಟು ದಿಬ್ಬ. ಅದನ್ನೇ "ಇಲ್ಲೊಂದು ಏರಿ ಇದೆ" ಅಂತ ಹೇಳಿ ಎರಡು ಆಟ ಆಡಿದೆವು.

ಈಗ ಆ ನಂಬಿಕೆಗೆ ಬರೋಣ. ದಪ್ಪ ಹಲಗೆ ಗಟ್ಟಿ, ಗಟ್ಟಿ ಇದ್ದದ್ದು ಬಾಗಲ್ಲ. ಕೇಳಲು ಸರಿಯಾಗಿಯೇ ಇದೆ. ಅರ್ಧ ನಿಜವೂ ಹೌದು. ಹಲಗೆಯ ದಪ್ಪ ಮೂರು ಪಟ್ಟಾದರೆ ಅದನ್ನು ಕೈಯಿಂದ ಬಗ್ಗಿಸಲು 27 ಪಟ್ಟು ಬಲ ಬೇಕು. ಆದರೆ ನಿಮ್ಮ ಬೋರ್ಡನ್ನು ಯಾರೂ ಕೈಯಿಂದ ಬಗ್ಗಿಸುತ್ತಿಲ್ಲ. ಹಲಗೆ ತನ್ನಷ್ಟಕ್ಕೆ ತಾನೇ ಬಾಗುತ್ತಿದೆ. ಈ ವ್ಯತ್ಯಾಸ ಹಿಡಿಸಲಿಕ್ಕೇ ನನ್ನ ಅರ್ಧ ಆಯುಷ್ಯ ಹೋಗಿದೆ.

ಹಪ್ಪಳ ನೆನಪು ಮಾಡಿಕೊಳ್ಳಿ. ಮಾಳಿಗೆ ಮೇಲೆ ಹಾಸಿದ ಹಸಿ ಹಪ್ಪಳ ಅರ್ಧ ತಾಸಿನಲ್ಲಿ ಅಂಚು ಎತ್ತುತ್ತದೆ. ಯಾಕೆ? ಬಿಸಿಲು ಬಿದ್ದ ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಚಾಪೆಗೆ ತಾಗಿದ ಕೆಳಮೈ ಇನ್ನೂ ಹಸಿ. ಕುಗ್ಗಿದ ಕಡೆಗೆ ಹಪ್ಪಳ ಬಾಗುತ್ತದೆ. ಅದಕ್ಕೆ ಅವ್ವ ಏನು ಮಾಡುತ್ತಿದ್ದಳು? ಹಪ್ಪಳ ಇನ್ನೂ ದಪ್ಪ ಲಟ್ಟಿಸಲಿಲ್ಲ. ಮಗುಚಿ ಹಾಕಿದಳು. ಎರಡೂ ಕಡೆ ಒಂದೇ ಸಮ ಒಣಗಿದರೆ ಬಾಗಲು ಕಾರಣವೇ ಉಳಿಯಲ್ಲ.

ನಿಮ್ಮ ಬೋರ್ಡ್‌ನದ್ದೂ ಅದೇ ಕತೆ. ಫೆವಿಕಾಲ್‌ನಲ್ಲಿ ನೀರಿದೆ, ನೀರು ಆರುತ್ತಾ ಅಂಟು ಕುಗ್ಗುತ್ತದೆ, ಕುಗ್ಗುತ್ತಾ ಹಲಗೆಯ ಮೇಲ್ಮೈಯನ್ನು ತನ್ನ ಕಡೆಗೆ ಎಳೆಯುತ್ತದೆ. ಈ ಎಳೆತವನ್ನು ದಪ್ಪ ಹಲಗೆ ತಡೆಯುತ್ತದೆ, ಒಪ್ಪೋಣ. ಆಮೇಲೆ ಮಳೆಗಾಲ ಬರುತ್ತದೆ. ಮೇಲೆ ಅಂಟು, ಬಣ್ಣ ಎಲ್ಲ ಸೇರಿ ಗಾಳಿಯ ತೇವ ಒಳಗೆ ಹೋಗಲ್ಲ. ಕೆಳಗೆ ಬರೀ ಮರ, ಅದು ತೇವ ಕುಡಿದು ಹಿಗ್ಗುತ್ತದೆ. ಮೇಲೆ ಕುಗ್ಗಿದ್ದು, ಕೆಳಗೆ ಹಿಗ್ಗಿದ್ದು, ಎರಡೂ ಸೇರಿ ಒಂದೇ ದಿಕ್ಕಿಗೆ ಬಗ್ಗಿಸುತ್ತವೆ. ಇಲ್ಲಿ ದಪ್ಪ ಅಷ್ಟಾಗಿ ಸಹಾಯ ಮಾಡಲ್ಲ, ಯಾಕೆಂದರೆ ಹಿಗ್ಗುತ್ತಿರುವುದು ಹಲಗೆಯೇ. ದಪ್ಪ ಹಲಗೆ ನಿಧಾನ ತೇವ ಕುಡಿಯುತ್ತದೆ, ನಿಧಾನ ಬಾಗುತ್ತದೆ. ಒಮ್ಮೆ ಬಾಗಿತೋ, ಆ 27 ಪಟ್ಟು ಗಟ್ಟಿತನ ಈಗ ನಿಮ್ಮ ವಿರುದ್ಧ. 6 ಎಂಎಂ ಸೊಟ್ಟ ಆದರೆ ನಾಲ್ಕು ಸ್ಕ್ರೂ ಹಾಕಿ ಕೆಳಗೆ ಕೊಡುವ ಮರದ ಪಟ್ಟಿಗೆ ಎಳೆದು ಕೂರಿಸಬಹುದು. 18 ಎಂಎಂ ಮೇಲೆ ಕಲ್ಲು ಹೇರಿದರೂ ಅದು ಮಾತು ಕೇಳಲ್ಲ. ನಾನು ಒಂದು ತಿಂಗಳು ಹೇರಿ ನೋಡಿದ್ದೇನೆ.

ಇನ್ನೂ ನಂಬಿಕೆ ಬರಲಿಲ್ಲವಾ? ನಿಮ್ಮ ಮನೆಯ ವಾರ್ಡ್‌ರೋಬ್ ಬಾಗಿಲು ತೆಗೆದು ಒಳಮೈ ನೋಡಿ. ಹೊರಗೆ ಚಂದದ ಸನ್‌ಮೈಕಾ ಇದೆ. ಒಳಗೂ ತೆಳ್ಳಗೆ ಒಂದು ಬಿಳಿ ಹಾಳೆ ಅಂಟಿಸಿರುತ್ತಾರೆ. ಬಡಿಗೇರರು ಲೈನರ್ ಅನ್ನುವುದು ಅದಕ್ಕೇ. ಒಳಗೆ ಬಟ್ಟೆಗೆ ಅಲಂಕಾರ ಯಾಕೆ? ನಮ್ಮ ಮನೆಯ ಕೆಲಸಕ್ಕೆ ಬಂದ ಮಿಸ್ತ್ರಿ ಮೂಲೆಯಲ್ಲಿದ್ದ ನನ್ನ ಬೋರ್ಡ್ ನೋಡಿ ಕೇಳಿದರು: "ಇದಕ್ಕ ಹಿಂದ ಏನ್ ಹಚ್ಚೀರಿ?" ಏನೂ ಇಲ್ಲ ಅಂದೆ. "ಒಳಗ ಲೈನರ್ ಹಚ್ಚಲಿಲ್ಲ ಅಂದ್ರ ಕಪಾಟಿನ ಬಾಗ್ಲಾನ ಸೊಟ್ಟ ಆಗತೈತ್ರಿ. ಅದೂ ಹದಿನೆಂಟ ಎಂಎಂದ ಇರತೈತಿ." ವರ್ಷಗಟ್ಟಲೆ ವಿಡಿಯೋ ನೋಡಿ ನಾನು ಕಲಿತದ್ದನ್ನು ಅವರು ಪಾನ್ ಅಗಿಯುತ್ತಾ ಎರಡು ಮಾತಿನಲ್ಲಿ ಮುಗಿಸಿದರು. ಪ್ಲೈವುಡ್ ಮಾಡುವವರಿಗೂ ಇದು ಗೊತ್ತು. ಪದರುಗಳು 3, 5, 7 ಹೀಗೆ ಬೆಸ ಸಂಖ್ಯೆಯಲ್ಲಿ ಇರುವುದು ನಡುವಿನ ಪದರಿನ ಎರಡೂ ಬದಿಗೆ ಸಮ ತೂಕ ಬರಲಿ ಅಂತ. ಅಷ್ಟು ಕಷ್ಟಪಟ್ಟು ಅವರು ಸರಿದೂಗಿಸಿದ್ದನ್ನು ನಾವು ಒಂದೇ ಕಡೆ ಫೆವಿಕಾಲ್ ಸುರಿದು ಕೆಡಿಸುತ್ತೇವೆ.

ಹಾಗಾಗಿ ಮಾಡಬೇಕಾದ್ದು ಇಷ್ಟು. ಮರಳು ಮುಟ್ಟುವ ಮೊದಲೇ ಹಲಗೆಯ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ವುಡ್ ಪ್ರೈಮರ್ ಅಥವಾ ಆಯಿಲ್ ಪೇಂಟ್ ಎರಡು ಕೋಟ್ ಹೊಡೆಯಿರಿ. ಅಂಚಿಗೆ ಮೂರು. ಮರ ಅಂಚಿನಿಂದಲೇ ಜಾಸ್ತಿ ನೀರು ಕುಡಿಯುವುದು. ಮೇಲೆ ಎಷ್ಟು ಕೋಟ್ ಫೆವಿಕಾಲ್ ನೀರು ಹಚ್ಚಿದಿರೋ ಕೆಳಗೂ ಅಷ್ಟೇ ಹಚ್ಚಿ. ಒಣಗಿಸುವಾಗ ನೆಲದ ಮೇಲೆ ಚಪ್ಪಟೆ ಇಡಬೇಡಿ, ಎರಡು ಇಟ್ಟಂಗಿ ಮೇಲಿಡಿ, ಕೆಳಗೂ ಗಾಳಿ ಆಡಲಿ. ಗೋಡೆಗೆ ಒರಗಿಸಿ ಇಡುವುದಂತೂ ಬೇಡವೇ ಬೇಡ.

ದಪ್ಪಕ್ಕಿಂತ ಕೆಲಸ ಮಾಡುವುದು ಅಳತೆ. ಬಾಗುವ ಪ್ರಮಾಣ ಅದೇ ಇದ್ದು ಹಲಗೆಯ ಉದ್ದ ಅರ್ಧ ಆದರೆ ಅಂಚು ಏಳುವುದು ಕಾಲು ಭಾಗಕ್ಕೆ ಇಳಿಯುತ್ತದೆ. 4 ಅಡಿ ಹಲಗೆಯಲ್ಲಿ 12 ಎಂಎಂ ಎದ್ದರೆ 2 ಅಡಿಯದ್ದರಲ್ಲಿ 3 ಎಂಎಂ. ಮರಳಿನ ಮೇಲೆ 3 ಎಂಎಂ ಯಾರ ಕಣ್ಣಿಗೂ ಬೀಳಲ್ಲ. ಬಿಡಿ ತುಂಡುಗಳ ಮೈದಾನ ಹೊಸ ಐಡಿಯಾ ಏನೂ ಅಲ್ಲ. 1812ರಲ್ಲಿ ರೈಸ್‌ವಿಟ್ಸ್ ಎಂಬ ಪ್ರಷ್ಯಾದ ಅಧಿಕಾರಿ ತನ್ನ ದೊರೆಗೆ ಮಾಡಿಕೊಟ್ಟ ಯುದ್ಧದಾಟದ ಮೇಜು ಕೂಡ ಬಿಡಿ ಬಿಡಿ ತುಂಡು ಜೋಡಿಸಿ ಬೇಕಾದ ಹಾಗೆ ನೆಲ ಮಾಡುವಂಥದ್ದೇ. ಅದನ್ನು ಅರಮನೆಯಲ್ಲಿ ಇಟ್ಟರು. ನಾವು ಬಸ್ಸಿನಲ್ಲಿ ಒಯ್ಯಬೇಕು.

ತೂಕ ನೋಡಿ. 6×4 ಅಡಿ ಮೈದಾನಕ್ಕೆ 2 ಅಡಿ ಚೌಕದ ಆರು ತುಂಡು ಬೇಕು. 18 ಎಂಎಂನಲ್ಲಿ ಮಾಡಿದರೆ ಬರೀ ಹಲಗೆಯೇ ಸುಮಾರು 25 ಕೆಜಿ. ಅರ್ಧ ಚೀಲ ಸಿಮೆಂಟ್ ಹೊತ್ತು ಆಟಕ್ಕೆ ಹೋದ ಹಾಗೆ. 6 ಎಂಎಂನಲ್ಲಿ ಎಂಟೂವರೆ ಕೆಜಿಗೆ ಮುಗಿಯುತ್ತದೆ. 6 ಎಂಎಂ ಒಂದೇ ಇದ್ದರೆ ಜೋತಾಡುತ್ತದೆ, ಹೌದು. ಅದಕ್ಕೆ ಕೆಳಗೆ ಸುತ್ತಲೂ ಒಂದು ಇಂಚಿನ ಮರದ ಪಟ್ಟಿ, ನಡುವೆ ಅಡ್ಡಕ್ಕೆ ಒಂದು. ಮೇಲೆ 25 ಎಂಎಂ ಎಕ್ಸ್‌ಪಿಎಸ್ ಅನ್ನುವ ಗಟ್ಟಿ ಫೋಮ್ ಹಾಳೆ. ತಾರಸಿಗೆ ಬಿಸಿಲು ತಡೆಯಲು ಹಾಸುತ್ತಾರಲ್ಲ, ನೀಲಿಯದೋ ಗುಲಾಬಿಯದೋ, ಅದೇ. ಒಂದು ತುಂಡಿಗೆ 300 ಗ್ರಾಂ ತೂಗಿದರೆ ಹೆಚ್ಚು.

ಕೊಯ್ಯಿಸುವಾಗ 2 ಅಡಿ ಅನ್ನಬೇಡಿ, 60 ಸೆಂಟಿಮೀಟರ್ ಅನ್ನಿ. 8×4 ಹಾಳೆಯಲ್ಲಿ ಎಂಟು ತುಂಡು ಬರಬೇಕು, ಗರಗಸದ ಬ್ಲೇಡು ಒಂದೊಂದು ಸಲಕ್ಕೆ 3 ಎಂಎಂ ತಿನ್ನುತ್ತದೆ. 2 ಅಡಿ ಅಂತ ಹೇಳಿದರೆ ಕೊನೆಯ ತುಂಡು ಗಿಡ್ಡ. ಮೈದಾನ ಒಟ್ಟು 3 ಸೆಂಟಿಮೀಟರ್ ಚಿಕ್ಕದಾಗುತ್ತದೆ, ಈವರೆಗೆ ಯಾವ ಸೈನಿಕನೂ ದೂರು ಕೊಟ್ಟಿಲ್ಲ. ಅಂಗಡಿಯಲ್ಲೇ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ 84.9 ಸೆಂಟಿಮೀಟರ್ ಹತ್ತಿರ ಬರಬೇಕು. ಬರಲಿಲ್ಲ ಅಂದರೆ ಮೂಲೆ ಚೌಕ ಇಲ್ಲ, ಆಮೇಲೆ ಆರೂ ಜೋಡಿಸಿದಾಗ ನಡುವೆ ಸಂದು ಬಿದ್ದು ನನ್ನನ್ನು ಕೇಳುತ್ತೀರಿ.

ಎಕ್ಸ್‌ಪಿಎಸ್ ಸಿಗದಿದ್ದರೆ ಫ್ರಿಜ್ ಡಬ್ಬಿಯ ಥರ್ಮಾಕೋಲ್ ಆದೀತು. ಗುಳಿಗುಳಿ ಉದುರುತ್ತದೆ ಅಷ್ಟೇ. ಎರಡಕ್ಕೂ ಸ್ಪ್ರೇ ಪೇಂಟ್ ನೇರ ಹೊಡೆಯಬೇಡಿ, ಅದರ ದ್ರಾವಕಕ್ಕೆ ಹಾಳೆ ಕರಗಿ ಗುಂಡಿ ಬೀಳುತ್ತದೆ. ಚಪ್ಪಲಿಗೆ, ಸನ್‌ಮೈಕಾಗೆ ಹಚ್ಚುವ ಹಳದಿ ರಬ್ಬರ್ ಅಂಟೂ ಬೇಡ. ಬಿಳಿ ಫೆವಿಕಾಲ್ ಸಾಕು. ಹಲಗೆ, ಹಾಳೆಯ ನಡುವೆ ಗಾಳಿ ಆಡದ ಕಾರಣ ಆರಲು ಎರಡು ಮೂರು ದಿನ ಹಿಡಿಯುತ್ತದೆ. ಭಾರ ಇಟ್ಟು ಸುಮ್ನೆ ಬಿಡಿ.

ಜೋಡಿಸಲು ಪಟ್ಟಿಗೆ ತೂತು ಕೊರೆದು ಬೋಲ್ಟ್, ವಿಂಗ್ ನಟ್. ಒಂದು ಪಟ್ಟಿಯಲ್ಲಿ ತೂತು ಮಾಡಿ ಅದನ್ನೇ ಅಚ್ಚು ಮಾಡಿಕೊಂಡು ಎಲ್ಲದಕ್ಕೂ ಕೊರೆಯಿರಿ. ಒಯ್ಯುವಾಗ ಎರಡೆರಡು ತುಂಡನ್ನು ಮುಖಕ್ಕೆ ಮುಖ ಇಟ್ಟು, ನಡುವೆ ಮೂಲೆಗಳಲ್ಲಿ ಮರದ ತುಂಡು ಕೊಟ್ಟು ಬಿಗಿದರೆ ತಾನೇ ಪೆಟ್ಟಿಗೆ ಆಯಿತು. ಮರಳು ಉಜ್ಜಲ್ಲ. ಒಂದು ಜೋಡಿ ಸುಮಾರು 6 ಕೆಜಿ.

ಪ್ರಶ್ನೆ ಮುಗಿಯಿತು. ಇನ್ನು ಯಾರೂ ಕೇಳದ, ಆದರೆ ಕೇಳಬೇಕಿದ್ದ ಒಂದು ಮಾತು. ನಮ್ಮವರ ಬೋರ್ಡ್‌ಗಳೆಲ್ಲ ಯಾಕೆ ಇಂಗ್ಲೆಂಡಿನ ಹುಲ್ಲುಗಾವಲಿನ ಹಾಗಿವೆ? ಅಣ್ಣಿಗೇರಿ, ನವಲಗುಂದದ ಕಡೆ ಮೇ ತಿಂಗಳಲ್ಲಿ ಅಂಥ ಹಸಿರು ಎಲ್ಲಿ ನೋಡಿದ್ದೀರಿ? ನಾನು ಅಸಲಿ ಎರೆ ಮಣ್ಣೇ ಹಾಕೋಣ ಅಂತ ಕಾಕಾನ ಹೊಲದಿಂದ ಒಂದು ಚೀಲ ತಂದೆ. ಹಿಟ್ಟಿನ ಸಾಣಿಗೆಯಲ್ಲಿ ಹಿಡಿದೆ (ಸಾಣಿಗೆ ಮನೆಯವರಿಗೆ ಹೊಸದು ಕೊಡಿಸಬೇಕಾಯಿತು), ಫೆವಿಕಾಲ್ ನೀರಿನಲ್ಲಿ ಕಲಸಿ ಬಳಿದೆ. ಮೂರನೇ ದಿನ ನೋಡಿದರೆ ಏಪ್ರಿಲ್ ಹೊಲ! ಬಲೆಯ ಹಾಗೆ ಬಿರುಕು, ಎಷ್ಟು ಚಂದ ಅಂದರೆ ಫೋಟೋ ತೆಗೆದೆ. ಐದನೇ ದಿನ ಒಂದೊಂದು ಬಿಲ್ಲೆಯೂ ಅಂಚು ಎತ್ತಿ ಹಪ್ಪಳದ ಹಾಗೆ ಕಳಚಿ ಬಂತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಮನೆ ಕಟ್ಟಿಸಿದವರೆಲ್ಲ ಪಾಯ ತೆಗೆಯುವಾಗ ಬೈದುಕೊಂಡ ಮಣ್ಣೇ ಅದು. ಮೇಲೆ ಅಷ್ಟೆಲ್ಲ ಪಾಠ ಹೇಳಿದ ನಾನೇ ಇದನ್ನು ಮರೆತಿದ್ದೆ.

ಈಗ ಹೊಳೆ ಮರಳು ಹಾಕಿ ಬಣ್ಣದಲ್ಲೇ ಎರೆ ನೆಲ ಮಾಡುತ್ತೇನೆ. ಕಪ್ಪು ಬಳಿಯಬೇಡಿ. ಎರೆ ನೆಲ ಹಸಿ ಇದ್ದಾಗ ಮಾತ್ರ ಕಪ್ಪು, ಒಣಗಿದರೆ ಬೂದಿ ಬಣ್ಣ. ಕಪ್ಪಿಗೆ ಸ್ವಲ್ಪ ಕಂದು ಬೆರೆಸಿದ ತಳ, ಅದರ ಮೇಲೆ ಒಣ ಬ್ರಷ್‌ನಿಂದ ಬೂದಿ. ಸಾಲು ಹೊಡೆದ ಹೊಲಕ್ಕೆ ಡಬ್ಬಿಯ ರಟ್ಟಿನ ಮೇಲಿನ ಕಾಗದ ಕಿತ್ತರೆ ಒಳಗೆ ಸಾಲು ಸಾಲೇ ಸಿಗುತ್ತದೆ. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪು ನೆಲ, ಅದಕ್ಕೆ ಇಟ್ಟಂಗಿ ಪುಡಿ.

ಈ ಎರೆ ನೆಲದ ಬೋರ್ಡ್ ಮಾಡಿದ್ದು ನರಗುಂದದ ಕಾಳಗ ಆಡಲಿಕ್ಕೆ. 1858ರಲ್ಲಿ ನರಗುಂದದ ದೊರೆ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು, ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸತ್ತದ್ದು, ಆಮೇಲೆ ನರಗುಂದದ ಮೇಲೆ ಸೈನ್ಯ ಬಂದದ್ದು. ಬಯಲ ನಡುವೆ ಒಂಟಿ ಗುಡ್ಡ, ಸುತ್ತ ಎರೆ ಹೊಲ, ಆಟಕ್ಕೆ ಇದಕ್ಕಿಂತ ಏನು ಬೇಕು? ಆದರೆ ಗುಡ್ಡವನ್ನು ಅಳತೆಗೆ ಸರಿಯಾಗಿ ಮಾಡಲು ಹೋಗಬೇಡಿ. 28 ಎಂಎಂ ಸೈನಿಕ ಅಂದರೆ ಸುಮಾರು 1:56. ಅಸಲಿನ 100 ಮೀಟರ್ ಇಲ್ಲಿ 1.8 ಮೀಟರ್ ಆಗುತ್ತದೆ, ಫ್ಯಾನ್ ತಾಗುತ್ತದೆ. ಎಕ್ಸ್‌ಪಿಎಸ್ ಮೂರು ಪದರು, ಏಳೂವರೆ ಸೆಂಟಿಮೀಟರ್, ಸಾಕು. ಪದರಿಗೆ ಒಂದೂವರೆ ಇಂಚು ಮೆಟ್ಟಿಲು ಬಿಡಿ, ಸೈನಿಕನ ಕಾಲಡಿಯ 25 ಎಂಎಂ ಬೇಸ್ ನಿಲ್ಲುತ್ತದೆ. ಬೋರ್ಡ್‌ಗೆ ಅಂಟಿಸಬೇಡಿ, ಪೆಟ್ಟಿಗೆ ಮುಚ್ಚಲ್ಲ. ಗುಡ್ಡ ಬೇರೆ ಚೀಲದಲ್ಲಿ.

ಹೋದ ವಾರ ಆ ಚೀಲ ತೊಡೆ ಮೇಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಹೊರಟಿದ್ದೆ. ಉಣಕಲ್‌ನಲ್ಲಿ ಹತ್ತಿದ ಅಜ್ಜ ಪಕ್ಕದಲ್ಲಿ ಕೂತು, "ಗಣಪತಿ ಮಂಟಪ ಏನ್ರಿ?" ಅಂದ. ಅಲ್ರಿ ಅಜ್ಜಾ, ನರಗುಂದ ಗುಡ್ಡ ಅಂದೆ. ಚೀಲದ ಬಾಯಿ ಸರಿಸಿ ಒಳಗೆ ಇಣುಕಿದ. ನವಲೂರು ದಾಟುವವರೆಗೆ ಹೊರಳಿಸಿ ಹೊರಳಿಸಿ ನೋಡಿದ.

"ನಮ್ಮೂರ ಗುಡ್ಡ ಹೌದ ಖರೆ. ಕ್ವಾಟಿ ಎಲ್ಲೈತ್ರಿ?"

ಕೋಟೆ ಇನ್ನೂ ಮಾಡಿಲ್ಲ.