200 ಮೆಗಾಪಿಕ್ಸೆಲ್‌ಗೂ ಸಿಗದ ಚುಟ್ಟಿ

ಮಂಗಳೂರಿನ ಹಂಪನಕಟ್ಟೆಯ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ "ಇದರ ಕ್ಯಾಮೆರಾ ಹೇಗುಂಟು?" ಎಂದು ಕೇಳಿ ನೋಡಿ. ಉತ್ತರವಾಗಿ ಒಂದು ಸಂಖ್ಯೆ ಬರುತ್ತದೆ. 50, ಇಲ್ಲವೇ 108, ಕೈಯಲ್ಲಿ ದುಡ್ಡು ಜಾಸ್ತಿ ಇದ್ದರೆ 200. ಫೋಟೋದ ಚುಕ್ಕೆಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಹತ್ತು ಲಕ್ಷದ ಲೆಕ್ಕದಲ್ಲಿ ಎಣಿಸುವ ಈ ಮೆಗಾಪಿಕ್ಸೆಲ್ ಲೆಕ್ಕ ಕೇಳಿದರೆ ನನಗೆ ಮೈ ಉರಿಯುತ್ತದೆ. ಫೋಟೋದ ಹಣೆಬರಹ ಬರೆಯುವುದು ಒಳಗೆ ಬಂದ ಬೆಳಕು. ಪಿಕ್ಸೆಲ್‌ಗಳು ಎಷ್ಟಿವೆ ಎಂಬುದು ಆಮೇಲಿನ ಮಾತು.

ಪರೀಕ್ಷೆ ಮಾಡಬೇಕಿದ್ದರೆ ರಾತ್ರಿ ಯಕ್ಷಗಾನ ಬಯಲಾಟಕ್ಕೆ ಹೋಗಿ. ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬಂದಾಗ ಒಂದು ಫೋಟೋ ತೆಗೆಯಿರಿ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಆ ಮುಖಕ್ಕೆ ಇಟ್ಟ ಬಿಳಿ ಮುಳ್ಳುಗಳೇ ಚುಟ್ಟಿ. ಒಂದೊಂದೂ ಚೂಪಾಗಿ ಎದ್ದು ನಿಂತಿರುತ್ತದೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಮುಳ್ಳುಗಳೇ ಇಲ್ಲ, ಬಿಳಿ ಬಣ್ಣ ಬಳಿದ ಹಾಗೆ ಒಂದು ಪಟ್ಟಿ ಅಷ್ಟೇ. 200 ಮೆಗಾಪಿಕ್ಸೆಲ್ ಇದ್ದೂ ಹೀಗೇಕೆ?

ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ, ಅದೂ ಲೆಕ್ಕವಿಟ್ಟು ಸಮನಾಗಿ ಬರುವುದಿಲ್ಲ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬೀಳುವಲ್ಲಿ ಸುಮಾರು 100 ಹೆಚ್ಚು ಕಡಿಮೆ ಆಗುತ್ತದೆ. ಅಂದರೆ ಶೇಕಡಾ 1, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಬರೀ 100 ಫೋಟಾನ್ ಬಿದ್ದರೆ 10 ಹೆಚ್ಚು ಕಡಿಮೆ, ಶೇಕಡಾ 10. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳು ಒಂದೇ ಬಣ್ಣವನ್ನು ಬೇರೆ ಬೇರೆಯಾಗಿ ಹೇಳತೊಡಗುತ್ತವೆ. ಕತ್ತಲಲ್ಲಿ ತೆಗೆದ ಫೋಟೋ ರವೆ ಚೆಲ್ಲಿದಂತೆ ಕಾಣುವುದು ಇದರಿಂದಲೇ. ಇದು ಫೋನಿನ ದೋಷವಲ್ಲ, ಬೆಳಕಿನ ಸ್ವಭಾವ. ಎಷ್ಟು ದುಡ್ಡು ಕೊಟ್ಟರೂ ಇದನ್ನು ತಪ್ಪಿಸಲಾಗದು. ಜಾಸ್ತಿ ಬೆಳಕು ಹಿಡಿಯುವುದೊಂದೇ ದಾರಿ.

ಅಡಿಕೆ ಒಣಹಾಕುವ ಅಂಗಳಕ್ಕೆ ಗೆರೆ ಎಳೆದು 50 ಚೌಕ ಮಾಡಿದರೇನು, 200 ಚೌಕ ಮಾಡಿದರೇನು, ಬೀಳುವ ಬಿಸಿಲು ಅಷ್ಟೇ ಅಲ್ವಾ? ಜಾಸ್ತಿ ಬಿಸಿಲು ಬೇಕಾದರೆ ಅಂಗಳವೇ ದೊಡ್ಡದಾಗಬೇಕು. ಇಲ್ಲಿ ಅಂಗಳ ಅಂದರೆ ಸೆನ್ಸರ್, ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಚಿಪ್. ಮದುವೆಮನೆಯ ಫೋಟೋಗ್ರಾಫರ್ ಕೈಯಲ್ಲಿರುವ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ದುಬಾರಿ ಫೋನಿನದ್ದು ಹೆಚ್ಚುಕಡಿಮೆ 10 ಮಿ.ಮೀ.ಗೆ 7 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 12 ಪಟ್ಟು ವ್ಯತ್ಯಾಸ. ಅಗ್ಗದ ಫೋನಿನದ್ದು ಇದಕ್ಕಿಂತಲೂ ಎಷ್ಟೋ ಚಿಕ್ಕದು.

ತಮಾಷೆ ಎಂದರೆ ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. 200 ಮೆಗಾಪಿಕ್ಸೆಲ್ ಫೋನ್ ಮಾಮೂಲಾಗಿ 16 ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡುತ್ತದೆ. ಕೊನೆಗೆ ಸಿಗುವುದು 12.5. 108ರದ್ದು 9 ಕೂಡಿಸಿ 12 ಕೊಡುತ್ತದೆ. 50ರದ್ದು 4 ಕೂಡಿಸಿ ಮತ್ತೆ 12.5. ಮೂರು ರೇಟಿನ ಮೂರು ಫೋನ್, ಕೈಗೆ ಬರುವ ಫೋಟೋ ಹತ್ತಿರ ಹತ್ತಿರ ಒಂದೇ ಅಳತೆಯದು! ಅಷ್ಟು ಸಾಲದೇ ಎಂದರೆ, ಖಂಡಿತ ಸಾಕು. ಎ4 ಹಾಳೆಯಲ್ಲಿ ಒಳ್ಳೆಯ ಪ್ರಿಂಟ್ ಹಾಕಲು 9 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿಯಲ್ಲಿ ಇರುವುದೇ ಸುಮಾರು 8.

ಲೆನ್ಸಿಗೂ ಒಂದು ಮಿತಿಯಿದೆ. ಎಷ್ಟೇ ಚೆನ್ನಾಗಿ ಮಾಡಿದ ಲೆನ್ಸ್ ಆದರೂ ಬೆಳಕಿನ ಬಿಂದುವನ್ನು ಬಿಂದುವಾಗಿ ಮೂಡಿಸುವುದಿಲ್ಲ, ಸಣ್ಣ ಬಿಲ್ಲೆಯಾಗಿ ಮೂಡಿಸುತ್ತದೆ. ಬ್ರಿಟಿಷ್ ಖಗೋಳ ವಿಜ್ಞಾನಿ ಜಾರ್ಜ್ ಏರಿ 1835ರಲ್ಲೇ ಇದರ ಗಣಿತ ಬರೆದಿಟ್ಟಿದ್ದ. ಎಫ್ 1.8 (ಲೆನ್ಸಿನ ಬಾಯಿ ಎಷ್ಟು ಅಗಲ ಎಂಬ ಲೆಕ್ಕ) ಲೆನ್ಸಿನಲ್ಲಿ ಹಸಿರು ಬೆಳಕಿನ ಬಿಲ್ಲೆ ಸುಮಾರು 2.4 ಮೈಕ್ರಾನ್ ಅಗಲ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 200 ಮೆಗಾಪಿಕ್ಸೆಲ್ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 0.6 ಮೈಕ್ರಾನ್. ಒಂದು ಬಿಲ್ಲೆಯ ಅಗಲಕ್ಕೆ ನಾಲ್ಕು ಪಿಕ್ಸೆಲ್ ಕೂರುತ್ತವೆ! ಹಾಗೆಂದು ಅವು ಪೂರ್ತಿ ದಂಡವಲ್ಲ. ಹಗಲು ಹೊತ್ತಿನಲ್ಲಿ ಮಲ್ಪೆ ಕಡಲಿನ ದೂರದ ದೋಣಿಯನ್ನು ಕ್ರಾಪ್ ಮಾಡಿ ಹತ್ತಿರ ತರಲು ಉಪಯೋಗಕ್ಕೆ ಬರುತ್ತವೆ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ (ತೀರಾ ಹತ್ತಿರದ್ದನ್ನು ತೆಗೆಯಲು), ಡೆಪ್ತ್ (ದೂರ ಅಳೆಯಲು) ಕ್ಯಾಮೆರಾಗಳು ಮಾತ್ರ ಹಿಂಬದಿಯ ಶೃಂಗಾರಕ್ಕೆ ಅಷ್ಟೇ.

ಚಿಕ್ಕ ಸೆನ್ಸರಿನ ಬಡತನವನ್ನು ಫೋನ್ ಸಾಫ್ಟ್‌ವೇರ್‌ನಿಂದ ಮುಚ್ಚಿಕೊಳ್ಳುತ್ತದೆ. ನಾವು ಒಂದು ಸಲ ಒತ್ತಿದರೆ ಅದು ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. 9 ಫೋಟೋ ಸೇರಿಸಿದರೆ ರವೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. 2018ರಲ್ಲಿ ಗೂಗಲ್‌ನ "ಪಿಕ್ಸೆಲ್" ಹೆಸರಿನ ಫೋನುಗಳಿಗೆ ಕತ್ತಲಲ್ಲಿ ಫೋಟೋ ತೆಗೆಯುವ ನೈಟ್ ಸೈಟ್ ಬಂದದ್ದು ಇದೇ ಉಪಾಯದ ಮೇಲೆ. ಪಿಕ್ಸೆಲ್ 2ರಿಂದ ಪಿಕ್ಸೆಲ್ 5ರವರೆಗೂ ಮುಖ್ಯ ಕ್ಯಾಮೆರಾ 12.2 ಮೆಗಾಪಿಕ್ಸೆಲ್‌ನಲ್ಲೇ ಇತ್ತು, ಫೋಟೋಗೆ ಮಾತ್ರ ಹೆಸರು ಇದ್ದೇ ಇತ್ತು.

ಆದರೆ ಈ ಉಪಾಯ ನಡೆಯುವುದು ಎದುರಿಗಿದ್ದದ್ದು ಸುಮ್ನೆ ನಿಂತಾಗ. ಹಾರಿ ಸುತ್ತುತ್ತ ದಿಗಿಣ ಹೊಡೆಯುವ ವೇಷಧಾರಿಯನ್ನು ಒಂಬತ್ತು ಸಲ ಒಂದೇ ಜಾಗದಲ್ಲಿ ಹಿಡಿಯುವುದು ಹೇಗೆ? ಲೆನ್ಸನ್ನು ಅಲುಗಾಡದಂತೆ ಹಿಡಿಯುವ ಒಐಎಸ್ ತಡೆಯುವುದು ನಮ್ಮ ಕೈನಡುಕವನ್ನು, ಅವರ ಕುಣಿತವನ್ನಲ್ಲ. ಆಗ ಫೋನ್ ಒಂದೆರಡು ಫೋಟೋದಲ್ಲೇ ಕೆಲಸ ಮುಗಿಸಿ, ಉಳಿದ ರವೆಯನ್ನು ಉಜ್ಜಿ ಅಳಿಸುತ್ತದೆ. ಯಾವುದು ರವೆ, ಯಾವುದು ಚುಟ್ಟಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಎರಡೂ ಸಣ್ಣ ಚುಕ್ಕೆಗಳೇ, ಎರಡೂ ಹೋಗುತ್ತವೆ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ 1/1.3 ಇಂಚು, 1/2.76 ಇಂಚು ಎಂಬಂಥ ಭಿನ್ನರಾಶಿ ಇರುತ್ತದೆ. ಅದೇ ಸೆನ್ಸರ್ ಅಳತೆ. ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಸೆನ್ಸರ್ ಚಿಕ್ಕದು. ಇದರ ಇಂಚು ನಮ್ಮ ಇಂಚಲ್ಲ, ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಉಳಿದುಬಂದ ಪದ್ಧತಿ. "ಒಂದು ಇಂಚಿನ" ಸೆನ್ಸರಿನ ಕರ್ಣ ಅಳೆದರೆ 16 ಮಿ.ಮೀ. ಸುಮಾರು! ಈ ಸಂಖ್ಯೆ ಡಬ್ಬಿಯ ಮೇಲೆ ಇರುವುದು ಅಪರೂಪ, ನೆಟ್‌ನಲ್ಲಿ ಹುಡುಕಬೇಕು.

ಮತ್ತೆ, ಅಂಗಡಿಯ ಝಗಮಗ ಲೈಟಿನ ಕೆಳಗೆ ಫೋಟೋ ತೆಗೆದು ತೀರ್ಮಾನ ಮಾಡಬೇಡಿ. ಅಲ್ಲಿ ಎಲ್ಲ ಫೋನೂ ಒಳ್ಳೆಯದೇ. ಮೇಜಿನ ಕೆಳಗಿನ ಕತ್ತಲೆ ಮೂಲೆಗೆ ಹಿಡಿದು ತೆಗೆಯಿರಿ. ಜೊತೆಗೆ ಬಂದವರಿಗೆ ಅಲ್ಲೇ ಕೈ ಆಡಿಸಲು ಹೇಳಿ, ಬೆರಳುಗಳನ್ನು ದೊಡ್ಡದು ಮಾಡಿ ಎಣಿಸಿ. ಅಂಗಡಿಯವ ವಿಚಿತ್ರವಾಗಿ ನೋಡಿದರೆ ನೋಡಲಿ, ಮಾರಾಯ್ರೆ.